ಕುರಿಯ ತವರುಮನಿ ಹುಡುಕಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪಗ ನನ್ನ ಹೆಸರು ಗೊತ್ತಿಲ್ಲ ಅಂದ್ರ ನೀವು ನಂಬೂದಿಲ್ಲ. ನಾ ಅವನ ಖಾಸಾ ತಮ್ಮನ ಮಗಳು. ಅವನ ಅಂಗಳದಾಗ ಹುಟ್ಟಿ, ಅವನ ಹೆಗಲ ಮ್ಯಾಲ ಕುಂತು ಬೆಳದಾಕಿ. ಆದ್ರೂ ಅವ ನನ್ನ ಒಮ್ಮೆ ನಮ್ಮ ಅತ್ತಿ ಹೆಸರಿನಿಂದ ಕರೀತಾನ, ಒಮ್ಮೆ ನಮ್ಮ ತಂಗಿ ಹೆಸರಿನಿಂದ ಕರೀತಾನ. ಎರಡೂ ನೆನಪಾಗಲಿಲ್ಲ ಅಂದ್ರ "ಏ ಬಾದಾಮಿ ಸಾಲಿ ಅಕ್ಕೋರ" ಅಂತಾನ. ನಾ ಬಾದಾಮ್ಯಾಗ ಸಾಲಿ ಕಲಸ್ತೇನಿ ಅನ್ನೂದಾದ್ರೂ ನೆನಪೈತಲ್ಲ ಅಂತ ನಾನೂ ಸಮಾಧಾನ ಮಾಡ್ಕೊಂಡೀನಿ. ಆದ್ರ ಅವನ ಹಟ್ಟ್ಯಾಗ ಮೂವತ್ತೆಂಟು ಕುರಿ ಅದಾವ. ಅದರಾಗ ಒಂದನ್ನಾದ್ರೂ ತಪ್ಪಿ ಇನ್ನೊಂದರ ಹೆಸರಿನಿಂದ ಕರದಿದ್ದು ನಾ ಈ ಜನ್ಮದಾಗ ಕೇಳಿಲ್ಲ.

ಹೆಸರೊಂದ ಆಗಿದ್ರ ಹೋಗ್ಲಿ ಅನ್ನಬಹುದಿತ್ತು. ಪ್ರತಿ ಕುರಿ ತಾಯಿ ಯಾರು, ಆ ತಾಯಿಗೆ ತಾಯಿ ಯಾರು, ಆಕಿ ಹುಟ್ಟಿದಾಗ ಮಳಿ ಬಂದಿತ್ತೋ ಇಲ್ಲೋ, ಎಲ್ಲಾ ಅವಗ ಬಾಯಿಪಾಠ. ಅಪ್ಪನ ಕಡೆದ್ದು ಮಾತ್ರ ಕೇಳಬಾರದು. "ಟಗರಿಂದೇನ ಹಚ್ಚಿ? ಇವತ್ತ ಈ ಹಿಂಡು, ನಾಳಿ ಆ ಹಿಂಡು. ಯಾರ ಕಂಡಾರ? ತಾಯಿ ಹಂಗಲ್ಲ, ಮರಿ ಆಕಿ ಕಾಲಾಗ ಬೀಳೂದು ನಾ ಕಣ್ಣಾರೆ ನೋಡೇನಿ" ಅಂತಾನ. ಅವನ ಪ್ರಕಾರ ವಂಶ ಅನ್ನೂದು ತಾಯಿ ಕಡಿಂದನ ಇಳೀಬೇಕು. ಮನುಷ್ಯಾರು ಇದನ್ನ ಉಲ್ಟಾ ಮಾಡ್ಕೊಂಡು ಕೆಟ್ಟಾರ ಅಂತ ಅವನ ಅಭಿಪ್ರಾಯ.

ನನ್ನ ಸಾಲಿಗೆ ಹೆಸರು ಹಚ್ಚಾಕ ಕರಕೊಂಡು ಹೋದಾಂವ ಇವನ. ಹೆಡ್ ಮಾಸ್ತರು ಹುಟ್ಟಿದ ತಾರೀಖು ಕೇಳಿದ್ರು. "ಬಿಳಿಗಿವಿ ಅವಳಿ ಈದ ಮರುದಿನಾರಿ" ಅಂದ. ಮಾಸ್ತರು ಗಾಬರಿ ಆಗಿ, "ಬಿಳಿಗಿವಿ ಅಂದ್ರ ನಿನ್ನ ತಂಗಿ ಏನೋ?" ಅಂದ್ರು. "ಕುರಿ ರೀ. ನನ್ನ ಹಿಂಡಿನ್ಯಾಗಿಂದು." ಪಾಪ ಮಾಸ್ತರು ಭಾಳ ಸಮಾಧಾನದ ಮನುಷ್ಯ. ಬಿಳಿಗಿವಿ ಅವಳಿ ಮರಿ ದೊಡ್ಡವಾಗಿ ಎಷ್ಟ ಸಲ ಈದಾವ, ಅವುಕ ಎಷ್ಟ ಹಲ್ಲ ಅದಾವ ಅಂತ ಕೇಳಿ ಕೇಳಿ, ಬೆರಳ ಮಡಚಿ ಒಂದು ತಾರೀಖು ಹಿಡದು ಬರಕೊಂಡ್ರು. ಆ ತಾರೀಖ ಇವತ್ತೂ ನನ್ನ ಸರ್ವಿಸ್ ಪುಸ್ತಕದಾಗ ಐತಿ. ಅಂದ್ರ ನಾ ಸರಕಾರಿ ನೌಕರಿಯಿಂದ ಯಾವ ದಿನ ನಿವೃತ್ತಿ ಆಗಬೇಕು ಅನ್ನೂದನ್ನ ಒಂದು ಕುರಿ ಹಲ್ಲು ನೋಡಿ ನಿರ್ಧಾರ ಮಾಡ್ಯಾರ. ಈ ಸುದ್ದಿ ನಮ್ಮ ಇಲಾಖೆ ತನಕಾ ಹೋಗದಂಗ ನೋಡಿಕೊಳ್ರಿ.

ನನ್ನ ನೋಡಾಕ ಬಾದಾಮಿ ಕಡಿಂದ ಗಂಡಿನವರು ಬಂದಾಗೂ ಹಂಗ ಆತು. ಅವಲಕ್ಕಿ, ಚಾ ಆದ ಮ್ಯಾಲ ಗಂಡಿನ ಅಪ್ಪ, "ನಿಮ್ಮ ಮನಿತನದ್ದು ನಾಕ ಮಾತು ಹೇಳ್ರೆಲಾ" ಅಂದ್ರು. ನಮ್ಮ ಅಪ್ಪ ಗಂಟಲ ಸರಿ ಮಾಡ್ಕೊಳ್ಳೂದ್ರಾಗ ದೊಡ್ಡಪ್ಪ ಚಾಲೂ ಮಾಡಿಬಿಟ್ಟಿದ್ದ. ಮೋಟಗಿವಿ ಮಗಳು ಕೆಂಚಿ, ಕೆಂಚಿ ಮಗಳು ಬಿಳಿಗಿವಿ, ಬಿಳಿಗಿವಿ ಮಗಳು ಕುಂಟಿ, ಕುಂಟಿ ಯಾಕ ಕುಂಟಿ ಆದ್ಲು ಅನ್ನೂದೊಂದು ಉಪಕತಿ. ಅರ್ಧಾ ತಾಸು ಹೋತು. ನಮ್ಮವ್ವ ಒಳಗ ಹಣಿ ಹಣಿ ಬಡಕೊಳ್ಳಾಕತ್ತಿದ್ಲು. ಗಂಡಿನ ಅಪ್ಪ ಎಲ್ಲಾ ಶಾಂತ ಕೇಳಿ, ಕಡೀಕ ಒಂದ ಮಾತು ಕೇಳಿದ್ರು: "ಹಾಲು ಹೆಂಗ್ರಿ?" ಮದಿವಿ ಗಟ್ಟಿ ಆತು. ನಮ್ಮ ಯಜಮಾನರು ಇವತ್ತಿಗೂ, ಹುಡುಗಿ ನೋಡಾಕ ಬಂದು ಕುರಿ ಒಪ್ಪಿ ಹೋದಾಂವ ನಾ ಅಂತಾರ.

ನಗಬ್ಯಾಡ್ರಿ. ಅಂದ್ರ, ನಗ್ರಿ. ಆದ್ರ ಈ ಹುಚ್ಚು ಅವಗ ಸುಮ್ಮನ ಹಿಡದಿದ್ದಲ್ಲ.

ಆ ಹಿಂಡಿನ ಮೊದಲಿನ ಕುರಿ ಮೋಟಗಿವಿ. ಅದು ನಮ್ಮ ದೊಡ್ಡವ್ವನ ಕುರಿ. ದೊಡ್ಡವ್ವ ನಾಕೈದು ವರ್ಷದ ಕೂಸಿದ್ದಾಗ ಎಲ್ಲೋ ದೂರದಿಂದ ಬಂದ ಕುರಿಯವರು ನಮ್ಮೂರ ಹೊಲದಾಗ ಹಿಂಡ ನಿಲ್ಲಿಸಿದ್ರಂತ. ಹೊಲಕ್ಕ ಗೊಬ್ಬರ ಆಗಲಿ ಅಂತ ರೈತರು ಹಿಂಗ ಕುರಿ ನಿಲ್ಲಿಸಿಕೊಳ್ಳೂದು ನಮ್ಮ ಕಡೆ ಮೊದಲಿನಿಂದ ಐತಿ. ಅವರು ಮುಂದ ಹೊಂಟಾಗ ಈ ಕೂಸಿಗೆ ಮೈ ಸುಡೂವಂಥ ಜ್ವರ. ಬೀರಪ್ಪನ ಗುಡಿ ಪೂಜಾರಿ ಮನ್ಯಾಗ ಒಬ್ಬಾಕಿ ಮುದುಕಿ ಇದ್ಲು. ಆಕಿ ಕೈಯಾಗ ಕೂಸಿನ ಕೊಟ್ಟು, ಹಾಲಿಗೆ ಅಂತ ಒಂದು ಮರಿ ಹಾಕಿದ ಕುರಿ ಕಟ್ಟಿ, "ಬರೂ ವರ್ಷ ಇದ ದಾರೀಲೆ ಬರ್ತೇವಿ, ಕರಕೊಂಡು ಹೋಗ್ತೇವಿ" ಅಂದು ಹೋದ್ರು. ಕೂಸಿನ ಜ್ವರ ಇಳೀತು. ಅವರು ಬರಲಿಲ್ಲ. ಮುಂದಿನ ವರ್ಷಾನೂ ಬರಲಿಲ್ಲ, ಯಾವ ವರ್ಷಾನೂ ಬರಲಿಲ್ಲ. ದೊಡ್ಡವ್ವಗ ತನ್ನ ಊರು ಗೊತ್ತಿಲ್ಲ, ಅಪ್ಪನ ಹೆಸರು ಗೊತ್ತಿಲ್ಲ. ಯಾರದೋ ಹೆಗಲ ಮ್ಯಾಲ ಕುಂತು ನೀರು ದಾಟಿದ್ದೊಂದು ನೆನಪೈತಿ. ಕೃಷ್ಣಾ ಹೊಳಿನೋ, ಘಟಪ್ರಭಾನೋ, ನಮ್ಮ ಮಲಪ್ರಭಾನೋ, ಯಾರಿಗೆ ಗೊತ್ತು.

ಮುಂದ ದೊಡ್ಡಪ್ಪ ಆಕಿನ್ನ ಮದಿವಿ ಆಗ್ತೇನಿ ಅಂತ ಹಟ ಹಿಡದ. ಹಿರ್ಯಾರು ಕುಂತು ಬೆಡಗು ಕೇಳಿದ್ರು. ಬೆಡಗು ಅಂದ್ರ ವಂಶದ ಹೆಸರು. ಒಂದ ಬೆಡಗಿನವರು ಅಣ್ಣ ತಂಗಿ, ಮದಿವಿ ಆಗಾಂಗಿಲ್ಲ. ಈಕಿ ಬೆಡಗು ಯಾರಿಗೂ ಗೊತ್ತಿಲ್ಲ, ಹಂಗಾದ್ರ ಹೆಂಗ? ಇಪ್ಪತ್ತು ವರ್ಷದ ದೊಡ್ಡಪ್ಪ ಎದ್ದು ನಿಂತು, "ನಮ್ಮ ಕುರಿ ಕಿವಿ ಉದ್ದ, ಈಕಿ ಕುರಿ ಕಿವಿ ಮೋಟ. ಕುರಿ ಬ್ಯಾರೆ ಅಂದ ಮ್ಯಾಲ ಕುರಿಯವರೂ ಬ್ಯಾರೆ. ಬೆಡಗು ಬ್ಯಾರೆ ಅನ್ನಾಕ ಇನ್ನೇನ ಸಾಕ್ಷಿ ಬೇಕು?" ಅಂದನಂತ. ಹಿರ್ಯಾರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಅಕ್ಕಿಕಾಳು ಬಿದ್ದುವು.

ಪೂಜಾರಿ ಮುದುಕಿ ಮದಿವಿ ಆದ ವರ್ಷಾನ ತೀರಕೊಂಡ್ಲು. ಮುಂದ ದೊಡ್ಡಪ್ಪನ ಹಿಂಡಿಗೆ ಜಡ್ಡು ಬಂದು ಉದ್ದಗಿವಿ ಕುರಿ ಎಲ್ಲಾ ಹೋದವು. ಉಳದದ್ದು ದೊಡ್ಡವ್ವನ ಮೋಟಗಿವಿ ಸಂತಾನ ಅಷ್ಟ. ಈಗಿನ ಮೂವತ್ತೆಂಟೂ ಆ ಮೋಟಗಿವಿ ಮರಿಮಕ್ಕಳು, ಅವರ ಮಕ್ಕಳು. ದೊಡ್ಡವ್ವಗ ಹೊಟ್ಟಿಲೆ ಮಕ್ಕಳಾಗಲಿಲ್ಲ. ನಾನ ಆಕಿ ಮಗಳು ಅನಕೊಂಡು ಬೆಳದೀನಿ.

ನಮ್ಮ ಕಡೆ ನಾಗರ ಪಂಚಮಿ ಅಂದ್ರ ಹೆಣ್ಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ತವರಿಗೆ ಕರಕೊಂಡು ಹೋಗಬೇಕು. ಜ್ವಾಳದ ಅಳ್ಳು, ಉಂಡಿ, ಜೋಕಾಲಿ. ಎಂಬತ್ತು ವರ್ಷದ ಮುದುಕ್ಯಾರಿಗೂ ಅಣ್ಣನ ಮೊಮ್ಮಗನಾದ್ರೂ ಬಂದು ಕರೀತಾನ. ದೊಡ್ಡವ್ವನ್ನ ಕರಿಯಾಕ ಯಾರೂ ಬಂದಿಲ್ಲ. ಆಕಿ ಊರ ಮಂದಿಗೆಲ್ಲಾ ಉಂಡಿ ಕಟ್ಟಿ ಕೊಡ್ತಾಳ, ತಾ ಎಲ್ಲಿಗೂ ಹೋಗೂದಿಲ್ಲ. ಹೆಳವರು ಬಂದಾಗ ಇನ್ನೂ ಕಷ್ಟ. ಹೆಳವರು ಅಂದ್ರ ಊರೂರು ತಿರುಗಿ ಮನಿತನದ ವಂಶಾವಳಿ ಹೇಳವರು. ಮೊದಲು ಎತ್ತಿನ ಮ್ಯಾಲ ಬರ್ತಿದ್ರು, ಈಗ ಮೋಟರಸೈಕಲ್ ಮ್ಯಾಲ ಬರ್ತಾರ. ಪುಸ್ತಕ ತಗದು ನಮ್ಮಜ್ಜನ ಅಜ್ಜನ ತನಕಾ ಓದಿ, ಬಂದ ಸೊಸ್ತ್ಯಾರು ಯಾವ ಯಾವ ಊರಿನವರು ಅಂತ ಹೇಳ್ತಾರ. ದೊಡ್ಡವ್ವನ ಹೆಸರು ಬಂದಾಗ ಹಾಳಿ ತಿರುವಿ ಮುಂದ ಹೋಗ್ತಾರ. ಆಗ ದೊಡ್ಡವ್ವ ನೀರ ತರ್ತೇನಿ ಅಂತ ಎದ್ದು ಒಳಗ ಹೋಗ್ತಾಳ. ಅಂಥಾದೊಂದು ದಿನ ದೊಡ್ಡಪ್ಪ ಆಕಿಗೆ ಮಾತ ಕೊಟ್ಟಾನಂತ: "ನಿನ್ನ ತವರುಮನಿ ಹುಡುಕಿ ಕೊಟ್ಟ ನಾ ಸಾಯ್ತೇನಿ." ಮನುಷ್ಯಾರ ಗುರುತು ಸಿಗೂದಿಲ್ಲ, ಕುರಿ ಗುರುತು ಹಿಡದು ಹುಡುಕಬೇಕು. ಅದಕ್ಕ ಅವ ಕುರಿ ವಂಶಾವಳಿ ಕಾಯಾಕ ನಿಂತಾಂವ.

ಹೋದ ವರ್ಷದ ಸುದ್ದಿ. ಬಾದಾಮ್ಯಾಗ ನಮ್ಮ ಮನಿ ಮ್ಯಾಲಿನ ಖೋಲಿಗೆ ಒಬ್ಬಾಕಿ ಹುಡುಗಿ ಬಾಡಗಿ ಬಂದ್ಲು. ಇಲಕಲ್ಲಿನ ನೇಕಾರ ಮನಿ ಮಗಳು, ದನದ ಡಾಕ್ಟರಕಿ ಓದಿ, ಮುಂದ ದೊಡ್ಡ ಓದು ಓದಾಕತ್ತಿದ್ಲು. ಏನ ಓದ್ತಿಯವಾ ಅಂತ ಕೇಳಿದ್ನಿ. "ನಮ್ಮ ಕಡೆ ಕುರಿ ಮೂಲತಃ ಎಲ್ಲಿಂದ ಬಂದಾವ ಅಂತ ಹುಡುಕೂದ್ರಿ. ರಕ್ತದಾಗ ಡಿಎನ್‌ಎ ಇರ್ತೈತಲ್ರಿ, ಅದರಾಗ ಒಂದು ತುಣುಕು ತಾಯಿಂದ ಅಷ್ಟ ಮರಿಗೆ ಬರ್ತೈತಿ. ಅಪ್ಪಂದು ಅದಕ್ಕ ಸೋಂಕೂದಿಲ್ಲ. ಅದನ್ನ ಹಿಡದು ತಾಯಿ, ತಾಯಿ ತಾಯಿ ಅಂತ ಹಿಂದ ಹಿಂದ ಹೋಗ್ಬಹುದ್ರಿ" ಅಂದ್ಲು. ನನ್ನ ಕೈಯಾಗಿನ ಸೌಟು ಹಂಗ ನಿಂತಿತು. ನಲವತ್ತು ವರ್ಷದಿಂದ ನಾವೆಲ್ಲಾ ಹುಚ್ಚು ಅಂತ ನಕ್ಕದ್ದನ್ನ ಈ ಹುಡುಗಿ ಯುನಿವರ್ಸಿಟ್ಯಾಗ ಓದಾಕತ್ತಾಳ!

ಆ ದಿನ ಸಂಜಿಮುಂದ ದೊಡ್ಡಪ್ಪಗ ಫೋನ್ ಮಾಡಿದ್ನಿ. ಮರುದಿನ ಮೊದಲನೇ ಬಸ್ಸಿಗೆ ಹೆಗಲ ಮ್ಯಾಲ ಕಂಬಳಿ ಹಾಕ್ಕೊಂಡು ಬಾಗಲದಾಗ ನಿಂತಿದ್ದ. ಹುಡುಗಿನ ನೋಡಿದವನ, "ಡಾಕ್ಟರಬಾಯಿ, ಟಗರಿನ ಮಾತ ಬಿಟ್ಟು ತಾಯಿ ಮಾತ ಹಿಡದೀರಲ್ಲ, ನೀವು ಶಾಣ್ಯಾರು. ನಡೀರಿ ಹಟ್ಟಿಗೆ" ಅಂದ. ಆಕಿ ಇನ್ನೂ ಹಲ್ಲ ತಿಕ್ಕಿರಲಿಲ್ಲ.

ನಮ್ಮೂರು ಕುಳಗೇರಿ ಕ್ರಾಸಿನಿಂದ ಒಳಗ. ನಾವು ಮೂವರೂ ಹೋಗಿ ಮುಟ್ಟೂದ್ರಾಗ ಬಿಸಲೇರಿತ್ತು. ಡಾಕ್ಟರಬಾಯಿ ಸೂಜಿ, ನಳಿಗಿ, ಕಾಗದ ಎಲ್ಲಾ ತಗದು, "ಕಾಕಾರ, ಒಂದಕ್ಕೊಂದು ಸಂಬಂಧ ಇಲ್ಲದ ನಾಕೈದು ಕುರಿ ತೋರಸ್ರಿ" ಅಂದ್ಲು. ಯಾಕಂದ್ರ ಒಂದ ಮನಿದು ಐದು ರಕ್ತ ತಗೊಂಡ್ರ ಒಂದನ್ನ ಐದ ಸಲ ತಗೊಂಡಂಗ ಅಂತ.

ದೊಡ್ಡಪ್ಪನ ಮಾರಿ ಸಣ್ಣದಾತು. "ಸಂಬಂಧ ಇಲ್ಲದ್ದಂದ್ರ?"

"ಈಗ ನೋಡ್ರಿ, ಈ ಕರೀದು, ಮತ್ತ ಆ ಮೂಲ್ಯಾಗಿಂದು."

"ಅದು ಇದರ ಚಿಗವ್ವನ ಮಗಳು."

"ಹೋಗ್ಲಿ, ಅದು ಬಿಳಿ ಮಾರಿದು?"

"ಅದು ಈ ಇಬ್ಬರಿಗೂ ಅಜ್ಜಿ ಆಗಬೇಕು."

"ಹಂಗಾದ್ರ ಆ ಕುಂಟೂದು?"

"ಡಾಕ್ಟರಬಾಯಿ, ಆಕಿ ಎಲ್ಲಾರಿಗೂ ದೊಡ್ಡವ್ವ. ಸಂಬಂಧ ಇಲ್ಲದ್ದು ಅನ್ನೂದು ನನ್ನ ಹಟ್ಟ್ಯಾಗ ಇಲ್ಲ. ಇದ್ರ ನಾ ಒಬ್ಬಾಂವ ಅದೇನಿ."

ಆ ಹುಡುಗಿಗೆ ನಗು ಬಂತು. ಬಾಕಿ ಕುರಿಯವರು ಏನ ಕೇಳಿದ್ರೂ "ಏನೂ ಸಂಬಂಧ ಇಲ್ರಿ, ತಗೋರಿ" ಅಂತಿದ್ರಂತ. ಬೇವೂರಿನಾಂವ ಒಬ್ಬ ಅಂತೂ ಐದಕ್ಕ ಐದೂ ಕೊಟ್ಟು ಫೋಟೋ ತಗಿಸಿಕೊಂಡಿದ್ನಂತ. ನಾ ದೊಡ್ಡಪ್ಪನ್ನ ಬದೀಗೆ ಕರದು, "ನೀನೂ ಇಲ್ಲ ಅಂದು ಬಿಡು, ಏನ ಆಗತೈತಿ" ಅಂದ್ನಿ. ಅವ ನನ್ನ ಹೆಂಗ ನೋಡಿದ ಅಂದ್ರ, ನಾ ಅವನ ಹಡದವ್ವನ್ನ ಯಾರೋ ಏನೋ ಅನ್ನು ಅಂದಂಗ ನೋಡಿದ. "ಐದ್ ಬ್ಯಾಡ. ಒಂದ ತಗೋರಿ. ಸುಳ್ಳ ಹೇಳಿ ತವರು ಹುಡುಕಿದ್ರ ಸುಳ್ಳ ತವರು ಸಿಗತೈತಿ" ಅಂತ ಡಾಕ್ಟರಬಾಯಿಗೆ ಹೇಳಿದ.

ಕಡೀಕ ಆ ಕುಂಟೂದರದ್ದು ಒಂದ ನಳಿಗಿ ರಕ್ತ ತಗದ್ರು. ಇದು ಹಳೇ ಕುಂಟಿ ಮರಿಮಗಳು, ಹೆಸರೂ ಕುಂಟಿನ. ತಗಿಯೂದಕ್ಕ ಮೊದಲು ದೊಡ್ಡಪ್ಪ ಅದಕ್ಕ ಬೀರಪ್ಪನ ಅರಿಷಿಣ ಭಂಡಾರ ಹಚ್ಚಿದ, ಡಾಕ್ಟರಬಾಯಿ ಹಣಿಗೂ ಹಚ್ಚಿದ, ಸೂಜಿಗೆ ಹಚ್ಚಾಕ ಹೋದಾಗ ಮಾತ್ರ ಆಕಿ ಕೈ ಅಡ್ಡ ಹಿಡದ್ಲು. ದೊಡ್ಡವ್ವ ಬಾಗಲದಾಗ ನಿಂತು ನೋಡಾಕತ್ತಿದ್ಲು. ನಾ ಸಲುಗಿಲೆ, "ಕುರಿದ್ಯಾಕ, ನಿನ್ನ ರಕ್ತಾನ ಕೊಟ್ಟು ನೋಡೋಣ ಬೇ" ಅಂದ್ನಿ. "ನನ್ನ ಕೇಳಿದ್ರ ಗೊತ್ತಿಲ್ಲ ಅಂತೇನಿ. ನನ್ನ ರಕ್ತ ಕೇಳಿದ್ರ ಅದಾದ್ರೂ ಏನ ಹೇಳೀತು. ನಿಮ್ಮ ದೊಡ್ಡಪ್ಪಗ ಕೆಲಸಿಲ್ಲ" ಅಂದು ಒಳಗ ಹೋದ್ಲು.

ಅಲ್ಲಿಂದ ಶುರು ಆತು ನೋಡ್ರಿ ನನಗ ಕಾಟ. ವಾರಕ್ಕೊಮ್ಮೆ ಫೋನು. "ಕುಂಟಿ ಏನಂದ್ಲು?" ಅಂತ. "ಇನ್ನೂ ಏನೂ ಅಂದಿಲ್ಲ ದೊಡ್ಡಪ್ಪ, ತಡಾ ಆಗತೈತಿ." "ಆಕಿ ಹಂಗ, ಮೊದಲಿನಿಂದ ಮಾತ ಕಮ್ಮಿ." ಒಮ್ಮೆ ನಾ ಸಾಲ್ಯಾಗ ಪಾಠ ಮಾಡಾಕತ್ತಾಗ ಫೋನ್ ಬಂತು. ನಮ್ಮ ಹೆಡ್ ಮೇಡಮ್ ಎತ್ತಿದ್ರು. ಕುಂಟಿ ರಿಪೋರ್ಟ್ ಬಂದೈತೇನು ಅಂತ ಕೇಳಿದ್ನಂತ. ಅವತ್ತಿನಿಂದ ಮೇಡಮ್ಮರು ನನಗ ಭಾಳ ಕಾಳಜಿಲೆ, "ನಿಮ್ಮ ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ?" ಅಂತ ಕೇಳ್ತಿದ್ರು.

ಬೇವೂರಿನಾಂವನ ಸುದ್ದಿ ಇಲ್ಲೇ ಹೇಳಿಬಿಡ್ತೇನಿ. ಅವನೂ ದೊಡ್ಡಪ್ಪನ ವಯಸ್ಸಿನಾಂವ. ಮೂವತ್ತು ವರ್ಷದ ಹಿಂದ ಕುರಿ ಸಂತ್ಯಾಗ ನಾಕ ಮಂದಿ ಎದುರಿಗೆ, "ನನ್ನ ಕುರಿ ನಮ್ಮವ್ವ ತವರಿಂದ ತಂದ ಅಸಲು ಕುರಿ. ನಿನ್ನವು ಎಲ್ಲಿಂದನೋ ಬಂದವು" ಅಂದಿದ್ದ. ಅವ ಅಂದದ್ದು ಕುರಿಗೆ. ಆದ್ರ ಎಲ್ಲಿಂದನೋ ಬಂದಾಕಿ ಅಂತ ಊರ ಮಂದಿ ದೊಡ್ಡವ್ವಗ ಅಂದದ್ದನ್ನ ಕೇಳಿ ಕೇಳಿ ದೊಡ್ಡಪ್ಪನ ಕಿವಿ ಕಾದಿದ್ವು. ಅವತ್ತಿನಿಂದ ಮಾತಿಲ್ಲ. ಸಂತಿ ದಿನ ಇಬ್ಬರೂ ಕುಳಗೇರಿ ಕ್ರಾಸಿನ ಒಂದ ಅಂಗಡ್ಯಾಗ ಚಾ ಕುಡೀತಾರ, ಬೆನ್ನಿಗೆ ಬೆನ್ನು ಕೊಟ್ಟು ಕುಂತು. ಏನರ ಹೇಳೂದಿದ್ರ ಚಾದ ಅಂಗಡಿಯವನ ಕಡಿಂದ. "ಮಳಿ ಹೋಗೈತಿ ಅಂತ ಅವಗ ಹೇಳು." "ಕಣ್ಣ ಅದಾವ, ನಾನೂ ನೋಡೇನಿ ಅಂತ ಅವಗ ಹೇಳು." ಪಾಪ ಅಂಗಡಿಯಾಂವ ಇಬ್ಬರ ನಡುವ ಮೂವತ್ತು ವರ್ಷದಿಂದ ಅಂಚಿ ಮುಟ್ಟಿಸ್ಯಾನ.

ಈ ವರ್ಷ ಆಷಾಢ ಮುಗೀತಿರಬೇಕಾದ್ರ ಡಾಕ್ಟರಬಾಯಿ ಬಂದ್ಲು. ಫಲಿತಾಂಶ ಬಂದಿತ್ತು. ಕುರಿ ಕೊಟ್ಟವರಿಗೆಲ್ಲಾ ಒಂದೊಂದು ಚೀಟಿ ಕೊಟ್ಟು, ಖುದ್ದ ತಿಳಿಸಿ ಹೇಳಿ ಹೋಗಾಕತ್ತಿದ್ಲು, ಒಳ್ಳೆ ಹುಡುಗಿ. ನಾನೂ ಸಾಲಿಗೆ ರಜಾ ಹಾಕಿ ಹೋದ್ನಿ. ದೊಡ್ಡಪ್ಪ ದಾಡಿ ಮಾಡಿಸಿಕೊಂಡು, ತಲಿಗೆ ಪಟಗಾ ಸುತ್ತಿಕೊಂಡು ಕಟ್ಟಿ ಮ್ಯಾಲ ಕುಂತಿದ್ದ. ದೊಡ್ಡವ್ವ ಏನೂ ಗೊತ್ತಿಲ್ಲದಾಕಿಗತೆ ಜ್ವಾಳಾ ಹಸನ ಮಾಡಾಕತ್ತಿದ್ಲು. ಆದ್ರ ಆಕಿ ಟ್ರಂಕಿನ್ಯಾಗಿನ ಇಲಕಲ್ ಸೀರಿ ಉಟ್ಟಿದ್ಲು.

"ಕಾಕಾರ, ಈ ಕುರಿ ಅನ್ನೂದು ನಮ್ಮ ದೇಶದ್ದ ಅಲ್ರಿ" ಅಂತ ಶುರು ಮಾಡಿದ್ಲು. "ಸಾವಿರ ಸಾವಿರ ವರ್ಷದ ಹಿಂದ, ಇಲ್ಲಿಂದ ಭಾಳ ದೂರ ಪಡುವಣ ದಿಕ್ಕಿನ ಗುಡ್ಡದಾಗ, ಇರಾನು ತುರ್ಕಿ ಅಂತಾರಲ್ರಿ, ಆ ಕಡೆ ಕಾಡಕುರಿ ಹಿಡದು ಸಾಕಿದ್ರು. ಅಲ್ಲಿಂದ ಮಂದಿ ಕೂಡ ನಡಕೊಂತ ನಡಕೊಂತ ಎಲ್ಲಾ ಕಡೆ ಬಂದಾವ. ಜಗತ್ತಿನ ಕುರಿ ಎಲ್ಲಾ ಕೂಡಿ ಕೆಲವ ಕೆಲವು ತಾಯಂದಿರ ಮಕ್ಕಳು. ನಮ್ಮ ಸೀಮಿ ಕುರಿ ಭಾಳಷ್ಟು ಅದರಾಗಿನ ಒಬ್ಬಾಕಿ ತಾಯಿ ಸಂತಾನ. ನಿಮ್ಮ ಕುಂಟೀನೂ ಅದ."

ದೊಡ್ಡಪ್ಪ ಎಲ್ಲಾ ಕೇಳಿದ. "ಖರೆ. ಊರು ಯಾವುದು?"

"ಊರು ಹೇಳೂದಿಲ್ರಿ ಇದು."

"ಹೊಳಿ ದಾಟಿ ಆ ಕಡೆನೋ ಈ ಕಡೆನೋ, ಅಷ್ಟರ?"

"ಅಷ್ಟೂ ಹೇಳಾಕ ಬರೂದಿಲ್ಲ ಕಾಕಾರ. ಹೊಳಿ ಎರಡೂ ದಂಡಿಗೆ ಇಂಥಾವ ಕುರಿ ಅದಾವ." ಆಕಿ ದನಿ ಸಣ್ಣ ಆತು. ಅವ ಏನ ಹುಡುಕಾಕತ್ತಾನ ಅನ್ನೂದು ನಾ ಆಕಿಗೆ ಮೊದಲ ಹೇಳಿದ್ನಿ.

ದೊಡ್ಡವ್ವ ಮೊರದಾಗಿನ ಜ್ವಾಳದಾಗ ಹರಳ ಆರಿಸಿಕೊಂತ, "ನನಗ ಮೊದಲ ಗೊತ್ತಿತ್ತು. ಬಿಡ್ರಿ, ಹುಡುಗಿಗೆ ಉಣ್ಣಾಕ ಹಾಕ್ತೇನಿ" ಅಂದ್ಲು. ಒಳಗ ಹೋಗಿ ಸೀರಿ ಬದಲ ಮಾಡಿ, ದಿನಾ ಉಡೂ ಸೀರಿ ಉಟ್ಕೊಂಡು ಬಂದು ರೊಟ್ಟಿ ಬಡ್ಯಾಕ ಕುಂತ್ಲು.

ದೊಡ್ಡಪ್ಪ ಮಾತ್ರ ಊಟ ಆದ ಮ್ಯಾಲ ಮತ್ತ ಕೇಳಾಕತ್ತ. "ಒಬ್ಬಾಕಿ ತಾಯಿ ಅಂದ್ರೆಲ್ಲ, ಬ್ಯಾರೆ ಯಾರ ಯಾರ ಕುರಿ ಆಕಿ ಮಕ್ಕಳು?" ಡಾಕ್ಟರಬಾಯಿ ಕಾಗದ ನೋಡಿ, ಹುನಗುಂದ ಕಡೆ ಒಂದ ನಾಕ ಹಿಂಡು, ಪಟ್ಟದಕಲ್ಲ ಹಂತ್ಯಾಕ ಎರಡು ಅಂತ ಎಣಿಸಿ, "ಬೇವೂರಿನ ಆ ಕಾಕಾಂದೂ ಹೌದ್ರಿ. ನಿಮ್ಮದೂ ಅವರದೂ ಅಂತೂ ಒಂದ ಅಕ್ಷರ ಫರಕಿಲ್ಲ. ಅವರಿಗೆ ಕಾಗದಾನೂ ಕೊಟ್ಟು ಬಂದೇನಿ" ಅಂದ್ಲು. ದೊಡ್ಡಪ್ಪ ತನ್ನ ಚೀಟಿ ಮಡಚಿ ಕಿಸೇದಾಗ ಇಟ್ಕೊಂಡ.

ಸುದ್ದಿ ಊರೂರಿಗೆ ಹಬ್ಬಿತು. ಆ ವಾರ ಸಂತಿಗೆ ಬೇವೂರಿನಾಂವ ಬಂದಿರಲಿಲ್ಲ. ಚಾದ ಅಂಗಡಿಯಾಂವ, "ಅಲ್ಲೋ ಕಾಕಾ, ಕುರಿ ಬ್ಯಾರೆ ಅಂತ ವಾದ ಮಾಡಿ ಮದಿವಿ ಆದಾಂವ ನೀ. ಈಗ ನೋಡಿದ್ರ ಎಲ್ಲಾ ಕುರಿಗೂ ಒಬ್ಬಾಕಿ ತಾಯಿ ಅಂತಾರ. ನಿನ್ನ ಮದಿವಿ ಗತಿ ಏನು?" ಅಂದ. ಇದ್ದವರೆಲ್ಲಾ ನಕ್ರು. ದೊಡ್ಡಪ್ಪ ಚಾದ ಬಸಿ ಕೆಳಗಿಟ್ಟು, "ನನ್ನ ಉದ್ದಗಿವಿ ಕುರಿ ಸತ್ತು ಕಾಲ ಆತು. ಅವುಗಳ ರಕ್ತ ಯಾರೂ ತಗದಿಲ್ಲ. ಈಗಿರೂ ಹಿಂಡು ನನ್ನದಲ್ಲ, ಆಕಿದು. ಕಾಗದ ಬಂದದ್ದು ಆಕಿ ಬೆಡಗಿಂದು" ಅಂದು ಎದ್ದು 'ಬಾಗಲಕೋಟ' ಬೋರ್ಡ್ ನೋಡಿ ಬಸ್ ಹತ್ತಿದ. ಮನ್ಯಾಗ ಯಾರಿಗೂ ಹೇಳಲಿಲ್ಲ.

ಬೇವೂರದಾಗ ಏನಾತು ಅನ್ನೂದನ್ನ ನನಗ ಆಮ್ಯಾಲ ಆ ಬೇವೂರಿನಾಂವನ ಹೇಳಿದ. ದೊಡ್ಡಪ್ಪ ಹೋಗಿ ಅವನ ಮನಿ ಕಟ್ಟಿ ಮ್ಯಾಲ ಕುಂತನಂತ. ನೀರ ಕೊಟ್ರ ಕುಡೀಲಿಲ್ಲ. ಮೂವತ್ತು ವರ್ಷದ ಮ್ಯಾಲ ಮೊದಲನೇ ಮಾತು, ನಡುವ ಅಂಗಡಿಯಾಂವ ಇಲ್ಲ.

"ಕಾಗದ ಬಂತೇನು?"

"ಬಂತು."

"ನನ್ನದೂ ಬಂತು. ಎರಡೂ ಒಂದ."

"ಇದ್ರ ಇರ್ಲಿ."

"ಇದ್ರ ಇರ್ಲಿ ಅಂದ್ರ ಮುಗೀಲಿಲ್ಲ. ನಿನ್ನ ಕುರಿ ನಿಮ್ಮವ್ವ ತಂದದ್ದು. ನನ್ನ ಹಿಂಡು ನನ್ನ ಹೆಂಡತಿ ತಂದದ್ದು. ಎರಡಕ್ಕೂ ತಾಯಿ ಒಬ್ಬಾಕಿ. ಹಂಗಾದ್ರ ನೀ ನನ್ನ ಹೆಂಡತಿಗೆ ಏನಾಗಬೇಕು ಹೇಳು."

ಅವ ವಿಚಾರ ಮಾಡಿ, "ಅಣ್ಣ ಆಗಬೇಕು" ಅಂದ. ಅಂದ ಮ್ಯಾಲ ನಗು ಬಂತಂತ. ನಗಬೇಕಂತ ಮಾರಿ ಎತ್ತಿದ್ರ, ದೊಡ್ಡಪ್ಪ ಪಟಗಾ ತಗದು ತೊಡಿ ಮ್ಯಾಲ ಇಟ್ಕೊಂಡಿದ್ನಂತ. ಆ ಪಟಗಾ ಅವ ಯಾರ ಮುಂದೂ ತಗದಾಂವಲ್ಲ. "ಐವತ್ತು ವರ್ಷ ಆತು, ಪಂಚಮಿಗೆ ಆಕಿನ್ನ ಒಬ್ಬರೂ ಕರದಿಲ್ಲ. ಒಂದ ಸಲ ಬಂದು ಕರೀ" ಅಂದನಂತ. "ನನ್ನ ನಗು ಎಲ್ಲಿ ಹೋತೋ ಯವ್ವಾ" ಅಂತ ಬೇವೂರಿನಾಂವ ನನಗ ಹೇಳಿದ.

ಪಂಚಮಿ ಎರಡು ದಿನ ಇರಬೇಕಾದ್ರ ನಾ ತವರಿಗೆ ಬಂದಿದ್ನಿ. ದೊಡ್ಡವ್ವ ಒಲಿ ಮುಂದ ಕುಂತು ಎಳ್ಳುಂಡಿ ಕಟ್ಟಾಕತ್ತಿದ್ಲು, ಊರ ಹೆಣ್ಮಕ್ಕಳಿಗೆ. ಬಾಗಲದಾಗ ಯಾರೋ ಕೆಮ್ಮಿದ್ರು. ನೋಡಿದ್ರ ಬೇವೂರಿನಾಂವ, ತೊಳದ ಧೋತರ, ಕೈಯಾಗ ಒಂದು ಚೀಲ. ಒಳಗ ಬಂದು ಗುಳೇದಗುಡ್ಡದ ಕುಬಸದ ಖಣ, ಅರಿಷಿಣ ಕುಂಕಮ ಆಕಿ ಮುಂದ ಇಟ್ಟ. "ತಂಗಿ, ಪಂಚಮಿಗೆ ಕರಿಯಾಕ ಬಂದೇನಿ. ನಿಮ್ಮ ವೈನಿ ದಾರಿ ಕಾಯಾಕತ್ತಾಳ. ನಡಿ, ಬಸ್ಸಿನ ಹೊತ್ತಾತು" ಅಂದ.

ದೊಡ್ಡವ್ವಗ ಮೊದಲ ತಿಳೀಲಿಲ್ಲ. ಅವನ ಮಾರಿ ನೋಡಿದ್ಲು, ದೊಡ್ಡಪ್ಪನ ಮಾರಿ ನೋಡಿದ್ಲು. ಅವ ಬಾಗಲ ಚೌಕಟ್ಟು ನೋಡಾಕತ್ತಿದ್ದ. ಎಳ್ಳುಂಡಿ ಕೈಯಾಗ ಹಂಗ ಹಿಡಕೊಂಡು ಆಕಿ ಎದ್ದು ನಡುಮನಿಗೆ ಬಂದು, ನನ್ನ ಹಂತ್ಯಾಕ ನಿಂತು, ಯಾರಿಗೂ ಕೇಳಸದಂಗ ಸಣ್ಣ ದನಿಲೆ ಕೇಳಿದ್ಲು:

"ತವರುಮನಿಗೆ ಹೋಗಬೇಕಾದ್ರ ಏನೇನ ತಗೊಂಡು ಹೋಗ್ತಾರವಾ?"

ನನಗ ಅಳು ತಡಿಯಾಕ ಆಗಲಿಲ್ಲ. ಎಪ್ಪತ್ತು ದಾಟಿದಾಕಿ, ಊರಿನ ಎಲ್ಲಾ ಹೆಣ್ಮಕ್ಕಳ ಗಂಟು ಕಟ್ಟಿ ಕಳಿಸಿದಾಕಿ, ತನ್ನ ಗಂಟು ಕಟ್ಟಾಕ ಬರವಲ್ದು ಆಕಿಗೆ. ನಾನ ಕಟ್ಟಿದ್ನಿ. ಎರಡು ಸೀರಿ, ಬಾಚಣಿಕಿ, ಅಲ್ಲಿ ಮಕ್ಕಳಿಗೆ ಉಂಡಿ. ಇಲಕಲ್ ಸೀರಿ ಉಡಿಸಿದ್ನಿ. ದೊಡ್ಡಪ್ಪ ಬಸ್ಸಿನ ತನಕಾ ಬಂದು, "ಎಂದ ಬರ್ತಿ?" ಅಂತ ಕೇಳಿದ. ಕಿಡಕ್ಯಾಗ ಕುಂತ ದೊಡ್ಡವ್ವ ಅವನ ಮಾರಿ ನೋಡಲಾರದ, "ನಮ್ಮಣ್ಣ ಕಳಿಸಿದಾಗ" ಅಂದ್ಲು.

ಪಂಚಮಿ ದಿನ ನಮ್ಮೂರ ಗಂಡಸರು ಬೀರಪ್ಪನ ಗುಡಿ ಕಟ್ಟಿ ಮ್ಯಾಲ ಕುಂತು, ಹೆಂಡ್ತ್ಯಾರು ತವರಿಗೆ ಹೋದ್ರು, ಮನಿ ಬಣಬಣ ಅನ್ನತೈತಿ, ಉಪ್ಪಿನ ಡಬ್ಬಿ ಎಲ್ಲೈತೋ ಗೊತ್ತಿಲ್ಲ ಅಂತ ಗೋಳಾಡೂದು ವರ್ಷಾ ಇದ್ದದ್ದ. ದೊಡ್ಡಪ್ಪ ಅವತ್ತ ಮಾತ್ರ ಆ ಕಡೆ ಹಾಯ್ತಿರಲಿಲ್ಲ, ಕುರಿ ಹೊಡಕೊಂಡು ದೂರ ಹೋಗ್ತಿದ್ದ. ಈ ಸಲ ನಾ ಅವಗ ರೊಟ್ಟಿ ಕೊಡಾಕ ಹುಡುಕಿಕೊಂತ ಹೋದ್ರ, ಕಟ್ಟಿ ನಟ್ಟನಡುವ ಕುಂತಿದ್ದ. ಎಲ್ಲಾರ ಗೋಳೂ ಮುಗಿಯೂ ತನಕಾ ಕಾದು, ದೊಡ್ಡದೊಂದು ಉಸರ ಬಿಟ್ಟು ಹೇಳಿದ: "ಏನ ಮಾಡೂದಪ್ಪಾ, ನಮ್ಮಾಕಿನೂ ತವರಿಗೆ ಹೋಗ್ಯಾಳ." ಒಬ್ಬರೂ ನಗಲಿಲ್ಲ. ಬಾಜೂಕ ಕುಂತ ಮುದುಕ, "ಹೌದಪ್ಪ, ಭಾಳ ತ್ರಾಸು" ಅಂದು ಸರದು ಅವಗ ಇನ್ನಷ್ಟು ಜಾಗಾ ಮಾಡಿಕೊಟ್ಟ.